ಕ್ರ್ಯಾಶ್ ಫೈಲ್ ಚಿಕ್ಕದಾಯಿತು, ಆದರೆ ಬಗ್ ಬೇರೆಯೇ ಬಂತು. ಏನು ಮಾಡಲಿ?

ಬಾಗಲಕೋಟೆ_ಸಿ:
ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇನೆ. ಕಬ್ಬಿನ ಕಾಟಾದಿಂದ ಬರುವ ತೂಕದ ಫೈಲ್ ಓದುವ ಸಿ ಪ್ರೋಗ್ರಾಂ ನಮ್ಮ ಪ್ರಾಜೆಕ್ಟ್. ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಾಗ ಇದು ಕೈಕೊಟ್ಟರೆ ರೈತರು ರಾತ್ರಿಯೆಲ್ಲ ಕಾಯಬೇಕು, ತೂಕದ ಮೇಲೆ ಮೊದಲೇ ಅನುಮಾನ ಬೇರೆ. ಅದಕ್ಕೇ ಎಎಫ್‌ಎಲ್ ಪ್ಲಸ್ ಪ್ಲಸ್ ಎಂಬ ಟೂಲ್ ಹಚ್ಚಿ ಫಜ್ಜಿಂಗ್ (ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಪ್ರೋಗ್ರಾಂ ಬೀಳುತ್ತದೆಯೇ ಎಂದು ನೋಡುವುದು) ಮಾಡುತ್ತಿದ್ದೇವೆ.

ಪ್ರೋಗ್ರಾಂ ಬೀಳಿಸಿದ ಫೈಲ್‌ಗಳಿಂದ ಕ್ರ್ಯಾಶ್ ಫೋಲ್ಡರ್ ತುಂಬಿಹೋಗಿದೆ. ಒಂದು 40 ಕೆಬಿ ಫೈಲನ್ನು ಕಿರಿದು ಮಾಡುವ ಟೂಲ್ ಆದ ಎಎಫ್‌ಎಲ್-ಟಿಮಿನ್‌ಗೆ ಕೊಟ್ಟೆ, ಕೆಲವೇ ಬೈಟ್‌ಗೆ ಇಳಿಯಿತು. ಆದರೆ ಆಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಟೂಲ್) ಜೊತೆ ಓಡಿಸಿದರೆ ಮೂಲ ಫೈಲ್, ರೈತರ ಹೆಸರು ಕಾಪಿ ಮಾಡುವ ಫಂಕ್ಷನ್‌ನಲ್ಲಿ ಹೀಪ್ ಓವರ್‌ಫ್ಲೋ (ಕೊಟ್ಟ ಮೆಮೊರಿ ಜಾಗ ಮೀರುವುದು) ತೋರಿಸುತ್ತದೆ, ಚಿಕ್ಕ ಫೈಲ್ ಹೆಡರ್ (ಫೈಲ್‌ನ ಶುರುವಿನ ಭಾಗ) ಓದುವಲ್ಲೇ ನಲ್ ಪಾಯಿಂಟರ್‌ನಲ್ಲಿ (ಯಾವ ಡೇಟಾವನ್ನೂ ತೋರಿಸದ ಖಾಲಿ ವಿಳಾಸ) ಬೀಳುತ್ತದೆ. ಹೀಗೇಕೆ? ಫೋಲ್ಡರ್‌ನಲ್ಲಿರುವ ಎಲ್ಲವನ್ನೂ ಕಿರಿದು ಮಾಡಬೇಕಾ?

ಗುಮ್ಮಟದೂರು (ವಿಜಯಪುರ):
ತಮ್ಮಾ, ಟಿಮಿನ್ ತನ್ನ ಕೆಲಸ ಸರಿಯಾಗೇ ಮಾಡಿದೆ. ಕ್ರ್ಯಾಶ್ ಆಗುವ ಫೈಲ್ ಕೊಟ್ಟರೆ ಅದು ನೋಡುವುದು ಒಂದನ್ನೇ: ಪ್ರೋಗ್ರಾಂ ಈಗಲೂ ಬೀಳುತ್ತಾ? ಎಲ್ಲಿ ಬಿತ್ತು, ಏಕೆ ಬಿತ್ತು ಅಂತ ಕೇಳುವುದಿಲ್ಲ. ಕತ್ತರಿಸುತ್ತಾ ಹೋದಾಗ ಇನ್ನೊಂದು ಸುಲಭದ ಬಗ್ ಸಿಕ್ಕರೆ ಆ ಕಡೆ ಜಾರಿಬಿಡುತ್ತದೆ. ಎಎಫ್‌ಎಲ್_ಟಿಮಿನ್_ಎಕ್ಸಾಕ್ಟ್ ಎಂಬ ವೇರಿಯಬಲ್ ಹಾಕಿದರೆ ಓಡುವ ದಾರಿ ಮೂಲದ ಹಾಗೇ ಇರಬೇಕು ಎಂದು ಹಟ ಹಿಡಿಯುತ್ತದೆ, ಆದರೆ ಆಗ ಫೈಲ್ ಹೆಚ್ಚು ಇಳಿಯುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಆ ಪ್ರಶ್ನೆಯನ್ನು ನೀನೇ ಬರೆಯುವುದು. ಸಣ್ಣ ಶೆಲ್ ಸ್ಕ್ರಿಪ್ಟ್ ಸಾಕು. ಫೈಲ್ ಕೊಟ್ಟು ಪ್ರೋಗ್ರಾಂ ಓಡಿಸು, ಸ್ಯಾನಿಟೈಸರ್ ವರದಿಯಲ್ಲಿ ಹೀಪ್ ಓವರ್‌ಫ್ಲೋ ಎಂದೂ ಸ್ಟ್ಯಾಕ್‌ನಲ್ಲಿ (ಬಿದ್ದಾಗ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿ) ನಿನ್ನ ಆ ಕಾಪಿ ಫಂಕ್ಷನ್ ಹೆಸರೂ ಇದ್ದರೆ 0, ಇಲ್ಲದಿದ್ದರೆ 1 ಹಿಂತಿರುಗಿಸು. ಮೆಮೊರಿ ವಿಳಾಸ ಹೋಲಿಸಬೇಡ, ಪ್ರತಿ ಸಲ ಬದಲಾಗುತ್ತದೆ. ಆಮೇಲೆ ಈ ಸ್ಕ್ರಿಪ್ಟನ್ನು ಹಾಫ್‌ಎಂಪ್ಟಿ ಅಥವಾ ಪಿಸೈರ್ ಎಂಬ, ಫೈಲ್ ಕಿರಿದು ಮಾಡುವ ಟೂಲ್‌ಗೆ ಕೊಡು. ಪಿಸೈರ್ ಹಿಂದಿರುವುದು ಡೆಲ್ಟಾ ಡೀಬಗ್ಗಿಂಗ್ ಎಂಬ ವಿಧಾನ. ಆಂಡ್ರಿಯಾಸ್ ಜೆಲ್ಲರ್ ಮತ್ತು ರಾಲ್ಫ್ ಹಿಲ್ಡೆಬ್ರಾಂಟ್ 2002ರ ಲೇಖನದಲ್ಲಿ ವಿವರಿಸಿದ್ದಾರೆ. ಅರ್ಧ ತೆಗೆದು ನೋಡು, ಆಗದಿದ್ದರೆ ಕಾಲು ಭಾಗ, ಆಮೇಲೆ ಇನ್ನೂ ಸಣ್ಣ ತುಂಡು, ಕೊನೆಗೆ ಯಾವ ಒಂದು ತುಂಡು ತೆಗೆದರೂ ಕ್ರ್ಯಾಶ್ ಹೋಗಿಬಿಡುತ್ತದೆ ಎನ್ನುವಲ್ಲಿ ನಿಲ್ಲು. ಮೊಜಿಲ್ಲಾ ಬೀಳಿಸುತ್ತಿದ್ದ 896 ಸಾಲಿನ ಎಚ್‌ಟಿಎಂಎಲ್ ಪುಟವನ್ನು ಅವರು ಹೀಗೇ ಒಂದೇ ಸಾಲಿಗೆ ತಂದರು.

ಎಲ್ಲ ಫೈಲ್ ಬೇಡ. ಮೊದಲು ಸ್ಟ್ಯಾಕ್‌ನ ಮೇಲಿನ ಎರಡು ಮೂರು ಫಂಕ್ಷನ್ ನೋಡಿ ಗುಂಪು ಮಾಡು, ಪ್ರತಿ ಗುಂಪಿನಿಂದ ಚಿಕ್ಕದೊಂದನ್ನು ಆರಿಸಿಕೊ.

ಕುಂದಾ_ಬೆಳಗಾವಿ:
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಕಾಟಾ ಫೈಲ್ ಅಂದರೆ ರೆಕಾರ್ಡ್, ಪ್ರತಿ ರೆಕಾರ್ಡ್‌ಗೆ ಉದ್ದ, ಕೊನೆಗೆ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇರುತ್ತದೆ ಅಲ್ವಾ? ಹಾಗಿದ್ದರೆ ಸುಮ್ನೆ ಬೈಟ್ ಕತ್ತರಿಸಿದರೆ ಉದ್ದ ತಾಳೆಯಾಗದೆ ಪಾರ್ಸರ್ (ಫೈಲ್ ಓದಿ ಬಿಡಿಸುವ ಭಾಗ) ಬಾಗಿಲಲ್ಲೇ ತಿರಸ್ಕರಿಸುತ್ತದೆ, ಕಿರಿದಾಗುವುದು ಅರ್ಧಕ್ಕೇ ನಿಲ್ಲುತ್ತದೆ. ಫಜ್ಜಿಂಗ್ ಬಿಲ್ಡ್‌ನಲ್ಲಿ ಸಿಆರ್‌ಸಿ ಪರೀಕ್ಷೆ ಆಫ್ ಮಾಡಿ. ಇಡೀ ರೆಕಾರ್ಡ್ ತೆಗೆದು ಉದ್ದವನ್ನು ಮತ್ತೆ ಬರೆಯುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಮೊದಲು ಓಡಿಸಿ, ಬೈಟ್ ಮಟ್ಟದ ಕತ್ತರಿ ಆಮೇಲೆ. ಕೊನೆಗೆ ಸರಿಯಾದ ಸಿಆರ್‌ಸಿ ಹಾಕಿ ನಿಜವಾದ ಬಿಲ್ಡ್‌ನಲ್ಲೂ ಬೀಳುತ್ತದೆಯೇ ನೋಡಲೇಬೇಕು.

ಇನ್ನೊಂದು, ಇದು ನನಗೆ ತುಂಬ ಮುಖ್ಯ. ಶುರುವಿನ ಫೈಲ್‌ಗಳು ನಿಜವಾದ ಕಾಟಾದಿಂದ ಬಂದಿದ್ದರೆ ಅದರಲ್ಲಿ ರೈತರ ಹೆಸರು, ಊರು, ಬ್ಯಾಂಕ್ ಖಾತೆ ಇರಬಹುದು. ಟಿಮಿನ್ ಬೇಡದ ಬೈಟ್ ಜಾಗಕ್ಕೆ '0' ಅಕ್ಷರ ತುಂಬುತ್ತದೆ, ಹಾಗಾಗಿ ಬಹಳಷ್ಟು ಅಳಿಸಿಹೋಗುತ್ತದೆ, ಆದರೆ ಬಗ್‌ಗೆ ಬೇಕಾದ ಭಾಗ ಹಾಗೇ ಉಳಿಯುತ್ತದೆ. ಬಗ್ ಹೆಸರಿನಲ್ಲೇ ಇದ್ದರೆ ಹೆಸರೂ ಉಳಿಯುತ್ತದೆ! ಯಾರಿಗಾದರೂ ಕಳಿಸುವ ಮೊದಲು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕಣ್ಣಾಡಿಸಿ.

ಬಾಗಲಕೋಟೆ_ಸಿ:
ಇಬ್ಬರಿಗೂ ತುಂಬ ಧನ್ಯವಾದ ಅಣ್ಣಾ. ಸ್ಕ್ರಿಪ್ಟ್ ಬರೆದು, ರೆಕಾರ್ಡ್ ಲೆಕ್ಕದಲ್ಲಿ ಕತ್ತರಿಸಿದ ಮೇಲೆ ಒಂದೇ ರೆಕಾರ್ಡ್ ಉಳಿಯಿತು, ಕಾರಣ ಕಣ್ಣಿಗೇ ಬಿತ್ತು. ಹೆಸರಿಗೆ 32 ಬೈಟ್ ಜಾಗ ಇದೆ, ಆದರೆ ಪ್ರೋಗ್ರಾಂ ಬೈಟ್ ಎಣಿಸದೆ ಯೂನಿಕೋಡ್ ಕೋಡ್‌ಪಾಯಿಂಟ್ (ಪ್ರತಿ ಅಕ್ಷರ, ಚಿಹ್ನೆಗೆ ಇರುವ ಸಂಖ್ಯೆ) ಎಣಿಸಿ 32ರೊಳಗಿದೆ ಎಂದು ಒಳಗೆ ಬಿಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್ ಬೇಕು. 'ಸಂಗಪ್ಪ' ಬರೆಯಲೇ 18 ಬೈಟ್ ಹೋಗುತ್ತದೆ, ತಂದೆ ಹೆಸರು, ಅಡ್ಡಹೆಸರು ಸೇರಿದರೆ ತುಂಬಿ ಹೊರಗೆ ಚೆಲ್ಲುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಯಾರಿಗೂ ಕಾಣಿಸಿರಲಿಲ್ಲ. ಫೈಲ್‌ನಲ್ಲಿ ಉಳಿದಿದ್ದ ಹೆಸರು ತೆಗೆದು ಬರೀ 'ಕ' ತುಂಬಿದೆ, ಆಗಲೂ ಬೀಳುತ್ತದೆ.

ಗುಮ್ಮಟದೂರು (ವಿಜಯಪುರ):
ಭಾಳ ಚಲೋ! ಆ ಚಿಕ್ಕ ಫೈಲ್ ಟೆಸ್ಟ್ ಫೋಲ್ಡರ್‌ಗೆ ಸೇರಿಸು, ಪ್ರತಿ ಬಿಲ್ಡ್‌ನಲ್ಲೂ ಓಡಲಿ. ಮೂಲ 40 ಕೆಬಿ ಫೈಲ್ ಅಳಿಸಬೇಡ. ಸರಿಪಡಿಸಿದ ಮೇಲೆ ಆ ಗುಂಪಿನ ಎಲ್ಲ ಮೂಲ ಫೈಲ್‌ಗಳನ್ನೂ ಓಡಿಸು, ಒಂದಾದರೂ ಬಿದ್ದರೆ ಗುಂಪಿನಲ್ಲಿ ಎರಡು ಬಗ್ ಬೆರೆತಿವೆ. ಹೆಡರ್‌ನ ಆ ನಲ್ ಪಾಯಿಂಟರ್‌ಗೂ ಬೇರೆ ಟಿಕೆಟ್ ತೆರೆ, ಅದೂ ನಿಜವಾದ ಬಗ್ ತಾನೇ.