ಫೀನಿಕ್ಸ್ ಸುತ್ತಮುತ್ತ ಮೌಂಟೇನ್ ಬೈಕಿಂಗ್: ಮೆಕ್ಯಾನಿಕ್‌ಗೆ ಕೇಳಿ (ಪ್ರಶ್ನೋತ್ತರ)

ಅಡ್ಮಿನ್: ಅಮೆರಿಕದ ಅರಿಜೋನಾದ ಫೀನಿಕ್ಸ್, ಮೆಸಾ, ಚಾಂಡ್ಲರ್, ಸ್ಕಾಟ್ಸ್‌ಡೇಲ್ ಕಡೆಯ ಸೈಕಲ್ ಗೆಳೆಯರಿಗೆ ನಮಸ್ಕಾರ. ನಮ್ಮ ಗುಂಪಿನ ಮೆಕ್ಯಾನಿಕ್ ಇವತ್ತು ಸಂಜೆ ಇಲ್ಲಿ ಉತ್ತರ ಕೊಡ್ತಾರೆ. ವಾರದ ದಿನ ಸೈಕಲ್ ಅಂಗಡಿ, ವಾರಾಂತ್ಯ ಟ್ರೇಲ್ (ಗುಡ್ಡದ ದಾರಿ) ಗೈಡ್, ಪ್ರಥಮ ಚಿಕಿತ್ಸೆಯ ತರಬೇತಿಯೂ ಆಗಿದೆ. ಟೈರು, ಬ್ರೇಕು, ಮುಳ್ಳು, ಬಿಸಿಲು, ಯಾವುದಾದರೂ ಕೇಳಿ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ.

ಮೆಸಾ ಸವಾರ: ಸರ್, ಹಾವ್ಸ್ ಟ್ರೇಲ್‌ಗಳಿಗೆ ಹೋದಾಗಲೆಲ್ಲ ಪಂಕ್ಚರ್. 29 ಇಂಚಿನ ಚಕ್ರ, 2.4 ಇಂಚು ಅಗಲದ ಟೈರು, ಟ್ಯೂಬ್‌ಲೆಸ್ (ಒಳಗೆ ಟ್ಯೂಬಿಲ್ಲ). ಜನವರಿಯಲ್ಲಿ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಹಾಕಿಸಿದ್ದು. ಆದರೂ ಗಾಳಿ ನಿಲ್ಲೋದಿಲ್ಲ. ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಇಡಬೇಕು ಅಂತಲೂ ಹೇಳಿ.

ಮೆಕ್ಯಾನಿಕ್: ಜನವರಿಯ ಸೀಲೆಂಟ್ ಈಗ ಟೈರಿನೊಳಗೆ ಒಣಗಿದ ರಬ್ಬರ್ ಚಕ್ಕೆಯಾಗಿ ಕೂತಿರುತ್ತೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ದ್ರವದ ಸದ್ದು ಕೇಳದಿದ್ದರೆ ಮುಗಿದಿದೆ ಅಂತಲೇ ಅರ್ಥ. ತಣ್ಣನೆಯ ಊರಲ್ಲಿ ನಾಲ್ಕೈದು ತಿಂಗಳು ಬರುವ ಸೀಲೆಂಟ್ ಇಲ್ಲಿ ಬೇಸಿಗೆಯಲ್ಲಿ, ಅದೂ ಬಿಸಿ ಗ್ಯಾರೇಜಿನಲ್ಲಿ, ಎರಡು ತಿಂಗಳು ಬಂದರೆ ಹೆಚ್ಚು. ನಿಮ್ಮ ಟೈರಿಗೆ ಒಂದೊಂದಕ್ಕೆ 100ರಿಂದ 120 ಮಿಲಿ ಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆರು ವಾರಕ್ಕೊಮ್ಮೆ ವಾಲ್ವ್ ಕೋರ್ (ವಾಲ್ವಿನ ಒಳತಿರುಪು) ತೆಗೆದು, ಒಂದು ಜಿಪ್ ಟೈ (ತೆಳು ಪ್ಲಾಸ್ಟಿಕ್ ಪಟ್ಟಿ) ಇಳಿಸಿ ಎಷ್ಟು ಉಳಿದಿದೆ ನೋಡಿ. ಕೋರ್ ಅಂಟು ಹಿಡಿದಿದ್ದರೆ ಬದಲಿಸಿ.

ಈಗ ಮುಳ್ಳು. ಊರಲ್ಲಿ ನೆಗ್ಗಿಲು ಮುಳ್ಳು ಅಂತೀವಲ್ಲ, ಅದೇ ಗಿಡ ಇಲ್ಲೂ ಇದೆ, ಇಲ್ಲಿಯವರು ಗೋಟ್‌ಹೆಡ್ ಅಂತಾರೆ. ಅದು ಹೆಚ್ಚು ಸಿಗೋದು ಟ್ರೇಲ್ ಮೇಲಲ್ಲ, ಪಾರ್ಕಿಂಗ್ ಅಂಚಿನಲ್ಲಿ, ಖಾಲಿ ಸೈಟಿನಲ್ಲಿ, ರಸ್ತೆ ಪಕ್ಕದ ಮಣ್ಣಿನಲ್ಲಿ. ಕಾರಿನಿಂದ ಟ್ರೇಲ್ ಬಾಯಿಯವರೆಗೆ ಸೈಕಲ್ ಹೊತ್ತುಕೊಂಡೇ ಹೋಗಿ. ಇನ್ನೊಂದು ಮೆಸ್ಕೀಟ್, ನಮ್ಮ ಬಳ್ಳಾರಿ ಜಾಲಿಯ ಬಂಧು. ಅದರ ಮುಳ್ಳು ಉದ್ದ, ಟೈರಿನ ಪಕ್ಕೆಗೇ ನುಗ್ಗುತ್ತೆ. ಪಕ್ಕೆಯಲ್ಲಿ ಸೀಲೆಂಟ್ ಸರಿಯಾಗಿ ನಿಲ್ಲೋದಿಲ್ಲ, ತೂತಿಗೆ ತುರುಕುವ ರಬ್ಬರ್ ಪ್ಲಗ್ ಹಾಕಬೇಕು.

ಮುಳ್ಳು ಚುಚ್ಚಿಕೊಂಡಿದ್ದು ಗಾಳಿ ಹೋಗ್ತಾ ಇಲ್ಲ ಅಂದರೆ ದಾರಿ ಮಧ್ಯೆ ಕೀಳಬೇಡಿ. ಕಿತ್ತಿರಾದರೆ ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಒಂದು ನಿಮಿಷ ನಿಲ್ಲಿಸಿ. ಕೊನೆಗೆ ಟ್ಯೂಬು ಹಾಕಲೇಬೇಕಾದರೆ ಮೊದಲು ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಿಂದ ಪೂರ್ತಿ ಸವರಿ. ಸೀಲೆಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳೆಲ್ಲ ಒಳಗೇ ಇರುತ್ತವೆ, ಹೊಸ ಟ್ಯೂಬು ಐದು ನಿಮಿಷವೂ ಬಾಳೋದಿಲ್ಲ.

ಗಾಳಿ: 75 ಕೆಜಿ ಸವಾರನಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಇಟ್ಟು ಶುರು ಮಾಡಿ. ಪ್ರತಿ 5 ಕೆಜಿಗೆ ಒಂದು ಹೆಚ್ಚು ಕಡಿಮೆ. ಬೆಳಿಗ್ಗೆ ತಣ್ಣಗಿರುವಾಗ ಅಳೆಯಿರಿ. ಕಾರಿನೊಳಗೆ ಬೆಂದ ಟೈರು 4 ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಅದನ್ನು ನೋಡಿ ಗಾಳಿ ಬಿಟ್ಟರೆ ಟ್ರೇಲ್‌ನಲ್ಲಿ ರಿಮ್ ಕಲ್ಲಿಗೆ ಹೊಡೆಯುತ್ತೆ.

ಸ್ಕಾಟ್ಸ್‌ಡೇಲ್ 29: ಇದೆಲ್ಲ ತಲೆನೋವು ಯಾಕೆ? ದಪ್ಪ ಟ್ಯೂಬು ಹಾಕಿ, ಅದರೊಳಗೆ ಹಸಿರು ಸ್ಲೈಮ್ ಸೀಲೆಂಟ್ ತುಂಬಿಸಿ, 40 ಪಿಎಸ್‌ಐ ಹೊಡೀರಿ. ಮುಗೀತು.

ಮೆಸಾ ಸವಾರ: 40ರಲ್ಲಿ ಸೌತ್ ಮೌಂಟನ್‌ನ ನ್ಯಾಷನಲ್ ಟ್ರೇಲ್ ಕಲ್ಲುಗಳ ಮೇಲೆ ಇಳಿದು ನೋಡಿದ್ದೀರಾ? ಟೈರು ಪುಟಿಯುತ್ತೆ, ಹಿಡಿತವೇ ಇರೋದಿಲ್ಲ.

ಸ್ಕಾಟ್ಸ್‌ಡೇಲ್ 29: ಎಲ್ಲರೂ ನ್ಯಾಷನಲ್‌ಗೇ ಹೋಗಲ್ಲ. ಬ್ರೌನ್ಸ್ ರ‍್ಯಾಂಚ್‌ನಲ್ಲಿ ಸಾಧಾರಣ ಸೈಕಲ್ ಹೊಡೆಯೋರೂ ಈ ಗುಂಪಿನಲ್ಲಿದ್ದಾರೆ. ದುಬಾರಿ ಸೈಕಲ್ ಇಲ್ಲದಿದ್ದರೆ ಮಾತಾಡಬಾರದಾ?

ಮೆಸಾ ಸವಾರ: ಬೆಲೆಯ ಮಾತು ಯಾರು ಎತ್ತಿದ್ದು?

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಬ್ರೌನ್ಸ್ ರ‍್ಯಾಂಚ್‌ನಂಥ ನಯವಾದ ನೆಲಕ್ಕೆ ಸ್ಲೈಮ್ ತುಂಬಿದ ಟ್ಯೂಬು ನಡೆಯುತ್ತೆ, ಆದರೆ 40 ಬೇಡ, 30 ಸಾಕು. ಸೌತ್ ಮೌಂಟನ್‌ಗೆ ಟ್ಯೂಬ್‌ಲೆಸ್ಸೇ ಸರಿ.

ಮಲೆನಾಡಿನ ಮಳೆ: ಕಾರಿನ ಹಿಂದೆ ಹಾಕುವ ರ‍್ಯಾಕ್ ಯಾವುದು ಒಳ್ಳೆಯದು ಸರ್? ಎರಡು ಸೈಕಲ್, ಒಂದು ಮಕ್ಕಳದ್ದು.

ಕುಡ್ಲದ ಕಡಲು: ಚೈನಿಗೆ ಶುದ್ಧ ತೆಂಗಿನೆಣ್ಣೆ ಹಾಕಿದರೆ ಅಂಗಡಿಯ ಲ್ಯೂಬ್‌ಗಿಂತ ಒಳ್ಳೆಯದಂತೆ, ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ. ಹೌದಾ ಮಾರಾಯ್ರೆ?

ಮೆಕ್ಯಾನಿಕ್: ಬೇಡ. ತೆಂಗಿನೆಣ್ಣೆ 24 ಡಿಗ್ರಿಗೆ ಗಟ್ಟಿಯಾಗುತ್ತೆ. ಇಲ್ಲಿ ಡಿಸೆಂಬರ್ ಬೆಳಿಗ್ಗೆ ಮೇಣದ ಹಾಗೆ ಹೆಪ್ಪುಗಟ್ಟುತ್ತೆ, ಜೂನ್‌ನಲ್ಲಿ ನೀರಾಗಿ ಹರಿದು ಧೂಳೆಲ್ಲ ಎಳೆದುಕೊಳ್ಳುತ್ತೆ. ಎಣ್ಣೆ ಮತ್ತು ಕಲ್ಲಿನ ಪುಡಿ ಸೇರಿದರೆ ಅರೆಯುವ ಹಿಟ್ಟು, ಚೈನಿನ ಪಿನ್ನುಗಳನ್ನೇ ಸವೆಸುತ್ತೆ. ಇಲ್ಲಿಗೆ ಮೇಣದ ಲ್ಯೂಬ್ ಹಾಕಿ. ಚೈನನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಎರಡು ಮೂರು ಸಲ, ದ್ರವ ತಿಳಿಯಾಗುವವರೆಗೆ ತೊಳೆದು, ಕೊನೆಗೆ ಆಲ್ಕೊಹಾಲ್‌ನಲ್ಲಿ ಅದ್ದಿ ಒಣಗಿಸಿ, ಆಮೇಲೆ ಮೇಣ. ಫ್ಯಾಕ್ಟರಿ ಗ್ರೀಸ್ ಉಳಿದರೆ ಮೇಣ ಹಿಡಿಯೋದಿಲ್ಲ. ಅಳತೆಪಟ್ಟಿಯಲ್ಲಿ 0.5 ಶೇಕಡಾ ಸವೆತ ತೋರಿಸಿದರೆ 12 ಗೇರಿನ ಚೈನು ಬದಲಿಸಿ. ತಡ ಮಾಡಿದರೆ ಹಿಂದಿನ ಕ್ಯಾಸೆಟ್ಟೂ (ಹಲ್ಲುಚಕ್ರಗಳ ಗುಚ್ಛ) ಹಾಳು.

ಚಾಂಡ್ಲರ್ ಚೈನು: ಸರ್, ಹಿಂದಿನ ಬ್ರೇಕು. ಶಿಮಾನೊ ಹೈಡ್ರಾಲಿಕ್. ಮೊದಮೊದಲು ಲಿವರ್ ಸ್ವಲ್ಪ ಕೆಳಗೆ ಹೋಗ್ತಿತ್ತು, ದ್ರವ ಕಡಿಮೆ ಆಗಿದೆ ಅಂತ ಗ್ಯಾರೇಜಿನಲ್ಲಿದ್ದ ಕಾರಿನ ಬ್ರೇಕ್ ದ್ರವ, ಡಾಟ್ 4, ಸ್ವಲ್ಪ ಸೇರಿಸಿದೆ. ಎರಡು ವಾರ ಚೆನ್ನಾಗಿತ್ತು. ಈಗ ಹತ್ತಿಪ್ಪತ್ತು ನಿಮಿಷ ಆದ ಮೇಲೆ ಲಿವರ್ ಬಿಟ್ಟರೂ ಪ್ಯಾಡ್ ಹಿಂದೆ ಸರಿಯೋದಿಲ್ಲ, ಡಿಸ್ಕ್ ಉಜ್ಜುತ್ತೆ. ಮೊನ್ನೆ ಇಳಿಜಾರಿನಲ್ಲಿ ಒಮ್ಮೆ ಹ್ಯಾಂಡಲ್‌ವರೆಗೂ ಬಂತು. ಬ್ಲೀಡ್ ಮಾಡಿದರೆ, ಅಂದರೆ ಗಾಳಿ ಹೊರಹಾಕಿ ದ್ರವ ಬದಲಿಸಿದರೆ, ಸಾಕಾ?

ಮೆಕ್ಯಾನಿಕ್: ಈ ಸೈಕಲ್ ಈಗಿಂದಲೇ ಹೊಡೆಯಬೇಡಿ. ಮನೆ ಮುಂದಿನ ರಸ್ತೆಯಲ್ಲೂ ಬೇಡ. ಮುಂದಿನ ಬ್ರೇಕಿಗೂ ಅದೇ ಬಾಟಲಿಯಿಂದ ಹಾಕಿದ್ದೀರಾ? ಅದನ್ನು ಮೊದಲು ಹೇಳಿ.

ಏನಾಗಿದೆ ಅಂದರೆ, ಶಿಮಾನೊ ಬ್ರೇಕು ನಡೆಯೋದು ಮಿನರಲ್ ಆಯಿಲ್ ಮೇಲೆ. ಅದರ ರಬ್ಬರ್ ಸೀಲ್‌ಗಳು ಆ ಎಣ್ಣೆಗೆಂದೇ ಮಾಡಿದವು. ಡಾಟ್ ದ್ರವ ಗ್ಲೈಕಾಲ್ ಜಾತಿಯದ್ದು. ಅದು ತಾಗಿದರೆ ಈ ಸೀಲ್ ಊದಿ ಮೆತ್ತಗಾಗುತ್ತೆ. ಕ್ಯಾಲಿಪರ್ ಅಂದರೆ ಡಿಸ್ಕ್ ಹಿಡಿಯುವ ಭಾಗ, ಅದರ ಪಿಸ್ಟನ್ನನ್ನು ಹಿಂದಕ್ಕೆ ಎಳೆಯೋದು ಸ್ಪ್ರಿಂಗ್ ಅಲ್ಲ, ಆ ಚೌಕ ಸೀಲಿನ ತಿರುಚು. ಸೀಲ್ ಊದಿದ ಮೇಲೆ ಅದು ಪಿಸ್ಟನ್ನನ್ನು ಬಿಗಿಯಾಗಿ ಹಿಡಿಯುತ್ತೆ, ಎಳೆಯೋದಿಲ್ಲ. ನಿಮ್ಮ ಡಿಸ್ಕ್ ಉಜ್ಜೋದು ಅದಕ್ಕೇ. ಉಜ್ಜಿ ಉಜ್ಜಿ ಬಿಸಿಯಾಗಿ ಇನ್ನಷ್ಟು ಊದುತ್ತೆ. ಎರಡು ವಾರ ಚೆನ್ನಾಗಿತ್ತು ಅಂದಿರಲ್ಲ, ಆಗಲೂ ಒಳಗೆ ಹಾಳಾಗ್ತಾನೇ ಇತ್ತು. ಲಿವರ್ ಹ್ಯಾಂಡಲ್‌ವರೆಗೆ ಬಂದದ್ದು ಮೇಲಿನ, ಲಿವರಿನೊಳಗಿನ ಸೀಲ್ ದ್ರವವನ್ನು ಹಿಂದಕ್ಕೆ ಬಿಟ್ಟಿದ್ದರಿಂದ. ಮುಂದಿನ ಸಲ ಎಚ್ಚರಿಕೆ ಕೊಡದೆ ಪೂರ್ತಿ ಹೋಗುತ್ತೆ.

ಬ್ಲೀಡ್ ಮಾಡಿದರೆ ಸಾಕಾಗೋದಿಲ್ಲ. ಎಷ್ಟು ತೊಳೆದರೂ ಊದಿದ ರಬ್ಬರ್ ಮೊದಲಿನ ಹಾಗೆ ಆಗೋದಿಲ್ಲ. ಲಿವರ್, ಕ್ಯಾಲಿಪರ್, ಹೋಸ್ (ದ್ರವದ ಕೊಳವೆ) ಮೂರೂ ಬದಲಿಸಿ. ಹೋಸಿನ ಒಳಗೋಡೆಯಲ್ಲಿ ಉಳಿದದ್ದು ಹೊಸ ಸೀಲಿಗೂ ತಾಗುತ್ತೆ.

ಬಿಚ್ಚುವಾಗ ಕೈಗವಸು ಹಾಕಿ, ಡಾಟ್ ಚರ್ಮ ಸುಡುತ್ತೆ, ಫ್ರೇಮಿನ ಬಣ್ಣ ಕೀಳುತ್ತೆ. ಚೆಲ್ಲಿದರೆ ನೀರು, ಸೋಪು ಹಾಕಿ ಒರೆಸಿ. ಪ್ಯಾಡಿಗೆ ತಾಗಿದ್ದರೆ ಬಿಸಾಡಿ. ಒಲೆ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತೆ ಅನ್ನುವ ವಿಡಿಯೊ ನೋಡಿ ಅಡುಗೆಮನೆಯಲ್ಲಿ ಹೊಗೆ ಎಬ್ಬಿಸಬೇಡಿ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡು ಸಲ, ಎರಡು ಬೇರೆ ಬಟ್ಟೆಯಲ್ಲಿ ಒರೆಸಿ. ಹೊಸ ಪ್ಯಾಡ್ ಹಾಕಿದ ಮೇಲೆ ಸಮತಟ್ಟು ರಸ್ತೆಯಲ್ಲಿ 20 ಕಿಮೀ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಜಾರಿಸದೆ, ಇಪ್ಪತ್ತು ಸಲ ಇಳಿಸಿ. ಆಮೇಲಷ್ಟೇ ಟ್ರೇಲ್.

ಇನ್ನೊಂದು. ಮೊದಲು ಲಿವರ್ ಕೆಳಗೆ ಹೋಗ್ತಿದ್ದದ್ದು ಬಹುಶಃ ಪ್ಯಾಡ್ ಸವೆದು ಅಥವಾ ಗಾಳಿ ಸೇರಿ. ಮುಚ್ಚಿದ ಬ್ರೇಕಿನಲ್ಲಿ ದ್ರವ ತಾನಾಗಿ ಕಡಿಮೆ ಆಗೋದಿಲ್ಲ. ಕಡಿಮೆ ಆಗಿದ್ದರೆ ಎಲ್ಲೋ ಸೋರುತ್ತಿದೆ.

ಸ್ಕಾಟ್ಸ್‌ಡೇಲ್ 29: ಬ್ರೇಕ್ ಆಯಿಲ್ ಬ್ರೇಕ್ ಆಯಿಲ್ಲೇ ಅಲ್ವಾ? ಕಾರು ನಿಲ್ಲಿಸುತ್ತೆ, ಸೈಕಲ್ ನಿಲ್ಲಿಸಲ್ವಾ? ಇದು ಅಂಗಡಿಗೆ ವ್ಯಾಪಾರ ಮಾಡೋ ಮಾತು ಅನ್ನಿಸ್ತಿದೆ.

ಮೆಕ್ಯಾನಿಕ್: ಕಾರಿನ ಸೀಲ್ ಬೇರೆ ರಬ್ಬರ್. ಅದಕ್ಕೆ ಮಿನರಲ್ ಆಯಿಲ್ ಹಾಕಿದರೆ ಅದೂ ಊದುತ್ತೆ. ನಿಮ್ಮ ಲಿವರ್ ಮುಚ್ಚಳದ ಮೇಲೆ ಯಾವ ದ್ರವ ಅಂತ ಅಚ್ಚು ಹಾಕಿದೆ, ಓದಿ. ಬೇರೆ ಅಂಗಡಿಗೆ ಹೋಗಿ ಕೊಂಡರೂ ನನಗೆ ಬೇಜಾರಿಲ್ಲ, ಆ ಸೈಕಲ್ ಮಾತ್ರ ಇಳಿಜಾರಿಗೆ ಒಯ್ಯಬಾರದು.

ಮಲೆನಾಡಿನ ಮಳೆ: ರ‍್ಯಾಕ್ ಬಗ್ಗೆ ಕೇಳಿದ್ದೆ ಸರ್.

ಗಿಲ್ಬರ್ಟ್ ಅಪ್ಪ: ಬೆಂಗಳೂರಿಂದ ನಮ್ಮ ಭಾವ ಬರ್ತಿದ್ದಾರೆ. ಬಂದ ಎರಡನೇ ದಿನ, ಶನಿವಾರ 9ಕ್ಕೆ ನ್ಯಾಷನಲ್ ಟ್ರೇಲ್ ತೋರಿಸೋಣ ಅಂತ. ಮುನ್ಸೂಚನೆ 108 ಫ್ಯಾರನ್‌ಹೀಟ್. ತಲಾ ಎರಡು 750 ಮಿಲಿ ಬಾಟಲಿ. ಅವರು ನಂದಿ ಬೆಟ್ಟ ಹತ್ತಿರೋರು, ಗಟ್ಟಿಗರು. ಸಾಕಲ್ವಾ?

ಮೆಕ್ಯಾನಿಕ್: ಹೋಗಬೇಡಿ. 108 ಅಂದರೆ 42 ಡಿಗ್ರಿ, ಅದು ನೆರಳಿನ ಲೆಕ್ಕ. ನ್ಯಾಷನಲ್‌ನಲ್ಲಿ ನೆರಳೇ ಇಲ್ಲ. ಬಂಡೆಯ ಮೇಲೆ ಮಧ್ಯಾಹ್ನ ಕೈ ಇಡೋಕೆ ಆಗೋದಿಲ್ಲ. ದೇಹ ಈ ಬಿಸಿಗೆ ಹೊಂದಿಕೊಳ್ಳೋಕೆ ಒಂದರಿಂದ ಎರಡು ವಾರ ಬೇಕು, ಕಾಲು ಎಷ್ಟೇ ಗಟ್ಟಿಯಿದ್ದರೂ. ಬೆವರು ಇಲ್ಲಿ ಹುಟ್ಟಿದ ಕ್ಷಣಕ್ಕೇ ಆರಿಹೋಗುತ್ತೆ. ಅಂಗಿ ಒಣಗಿದೆ, ಬೆವರಿಲ್ಲ ಅಂದುಕೊಂಡು ನೀರು ಕುಡಿಯೋದಿಲ್ಲ. ಬೆಂಗಳೂರಿಂದ ಬಂದವರು ಮೋಸ ಹೋಗೋದು ಇಲ್ಲೇ.

ತಲೆಗೆ ಗಂಟೆಗೆ ಒಂದು ಲೀಟರ್ ಲೆಕ್ಕ. ಒಂದೂವರೆ ಲೀಟರ್‌ನಲ್ಲಿ ಮೂರು ಗಂಟೆ ಆಗೋದಿಲ್ಲ. ಬರೀ ನೀರು ಕುಡಿದೂ ಕೆಡುತ್ತೆ, ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ಲೀಟರಿಗೆ ಕಾಲು ಟೀ ಚಮಚ ಉಪ್ಪು, ಅಂದರೆ ಸುಮಾರು 600 ಮಿಲಿಗ್ರಾಂ ಸೋಡಿಯಂ, ಸ್ವಲ್ಪ ಸಕ್ಕರೆ, ನಿಂಬೆ. ಅರ್ಧ ನೀರು ಮುಗಿಯುವ ಮೊದಲೇ ಹಿಂದಕ್ಕೆ ತಿರುಗಿ.

ಭಾವನವರಿಗೆ ತೋರಿಸಲೇಬೇಕಾದರೆ ಬೆಳಕು ಹರಿಯುವಾಗ ಪೀಮಾ ಕ್ಯಾನಿಯನ್‌ನಿಂದ ಡೆಸರ್ಟ್ ಕ್ಲಾಸಿಕ್ ಟ್ರೇಲ್ ಹಿಡಿದು, ಒಂದು ಗಂಟೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. 7ಕ್ಕೆ ಕಾರಿನಲ್ಲಿರಬೇಕು.

ಹುಬ್ಬಳ್ಳಿ ಟು ಟೆಂಪೆ: ನಮ್ಮ ಕಡೆ ಉಳ್ಳಾಗಡ್ಡಿ ಕಿಸೆದಾಗ ಇಟ್ಕೊಂಡ್ರ ಬಿಸಲು ಹತ್ತಂಗಿಲ್ರಿ. ಹಿರ‍್ಯಾರು ಸುಮ್ನ ಹೇಳ್ಯಾರೇನು?

ಮೆಕ್ಯಾನಿಕ್: ಉಳ್ಳಾಗಡ್ಡಿ ಊಟಕ್ಕೆ ಇರಲಿ. ಕಿಸೆಯಲ್ಲಿದ್ದರೆ ಮೈ ಬಿಸಿ ಇಳಿಯೋದಿಲ್ಲ. ದಯವಿಟ್ಟು ಇದನ್ನು ಇನ್ನೊಂದು ಗುಂಪಿಗೆ ಕಳಿಸಬೇಡಿ, ಅದನ್ನು ನಂಬಿ ಯಾರಾದರೂ ಒಂದು ಬಾಟಲಿ ನೀರು ಕಡಿಮೆ ಒಯ್ದರೆ?

ಹುಬ್ಬಳ್ಳಿ ಟು ಟೆಂಪೆ: ಕಲಬುರ್ಗಿ, ರಾಯಚೂರ ಬಿಸಲಾಗ ಹೊಲ ಮಾಡಿದ ಮಂದಿಗೆ ಬಿಸಲ ಅಂದ್ರ ಏನಂತ ಕಲಸ್ತೀರೇನ್ರಿ?

ಮೆಸಾ ಸವಾರ: ಅವರು ಮಧ್ಯಾಹ್ನ ಮರದ ಕೆಳಗೆ ಮಲಗ್ತಾರೆ, ಗುಡ್ಡ ಹತ್ತಿ ಸೈಕಲ್ ತುಳಿಯಲ್ಲ.

ಹುಬ್ಬಳ್ಳಿ ಟು ಟೆಂಪೆ: ನಿಮಗ ಹೊಲದ ಕೆಲಸ ಗೊತ್ತೈತೇನು? ಸುಮ್ಕಿರ‍್ರಿ.

ಅಡ್ಮಿನ್: ದಯವಿಟ್ಟು ಎಲ್ಲರೂ ವಿಷಯಕ್ಕೆ ಬನ್ನಿ.

ಮೆಕ್ಯಾನಿಕ್: ರಾಯಚೂರಿನವರಿಗೆ ಬಿಸಿಲು ನಾನು ಕಲಿಸಬೇಕಿಲ್ಲ. ಆದರೆ 2023ರಲ್ಲಿ ಫೀನಿಕ್ಸ್‌ನಲ್ಲಿ 31 ದಿನ ಬಿಡದೆ 110 ಫ್ಯಾರನ್‌ಹೀಟ್ ಮುಟ್ಟಿತ್ತು, ದಾಟಿತ್ತು. ಆದ್ದರಿಂದ ಇಷ್ಟು ನೆನಪಿಡಿ: ಜೊತೆಯವರು ತೊದಲಿದರೆ, ತೂರಾಡಿದರೆ, ಕೇಳಿದ್ದಕ್ಕೆ ಇನ್ನೇನೋ ಹೇಳಿದರೆ ಅದು ಹೀಟ್ ಸ್ಟ್ರೋಕ್. ಮೈ ಬೆವರುತ್ತಿದ್ದರೂ ಸರಿ, ಒಣಗಲಿ ಅಂತ ಕಾಯಬೇಡಿ. ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ಫೋನಿನ ನಕ್ಷೆಯ ಅಕ್ಷಾಂಶ ರೇಖಾಂಶ ಓದಿ ಹೇಳಿ. ನೆರಳು ಮಾಡಿ, ಕಾದ ನೆಲದ ಮೇಲೆ ನೇರ ಮಲಗಿಸಬೇಡಿ, ಇರುವ ನೀರೆಲ್ಲ ಮೈಮೇಲೆ ಸುರಿದು ಬೀಸಿ. ಐಸ್ ಇದ್ದರೆ ಕತ್ತು, ಕಂಕುಳು, ತೊಡೆಸಂದಿಗೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಉಪಯೋಗವಿಲ್ಲ.

ಗಿಲ್ಬರ್ಟ್ ಅಪ್ಪ: ಆಯ್ತು ಸರ್, ಡೆಸರ್ಟ್ ಕ್ಲಾಸಿಕ್ಕೇ ಹೋಗ್ತೀವಿ. ಟೈರಿಗೆ ಎಷ್ಟು ಪಿಎಸ್‌ಐ?

ಮೆಕ್ಯಾನಿಕ್: ಮೇಲೆ ಇದೆ.

ಕುಡ್ಲದ ಕಡಲು: ಫಾರ್ವರ್ಡ್ ಬಂದದ್ದು: “ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗೀರಿ ರಕ್ತ ಹರಿಸಿ, ಐಸ್ ಇಡಿ.” ಇಲ್ಲಿನ ಬುಡುಬುಡಿಕೆ ಹಾವಿಗೂ ಇದೇ ಅಲ್ವಾ?

ಮೆಕ್ಯಾನಿಕ್: ಮೂರೂ ತಪ್ಪು. ರ‍್ಯಾಟಲ್ ಸ್ನೇಕ್ ವಿಷ ಮಾಂಸವನ್ನೇ ಕೊಳೆಸುತ್ತೆ, ಕಟ್ಟಿದರೆ, ಐಸ್ ಇಟ್ಟರೆ ಆ ಅಂಗಕ್ಕೆ ಹಾನಿ ಹೆಚ್ಚು. ಉಂಗುರ, ವಾಚು ತೆಗೆಯಿರಿ, ಊತ ಬರುತ್ತೆ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. 911. ವಿಷದ ಸಹಾಯವಾಣಿ 1-800-222-1222. ಹಾವು ಹಿಡಿಯೋಕೆ, ಫೋಟೊಗೆ ಹತ್ತಿರ ಹೋಗೋಕೆ ಹೋಗಬೇಡಿ.

ಮೆಸಾ ಸವಾರ: ಚೋಯಾ ಕಳ್ಳಿ ಕಾಲಿಗೆ ಅಂಟಿಕೊಂಡರೆ? ಫೆವಿಕಾಲ್ ಹಚ್ಚಿ ಕೀಳಿ ಅಂತಾರೆ.

ಮೆಕ್ಯಾನಿಕ್: ಚೋಯಾಗೆ ಅಲ್ಲ. ಅದರ ಮುಳ್ಳಿಗೆ ಹಿಂದಕ್ಕೆ ತಿರುಗಿದ ಕೊಕ್ಕೆಗಳಿವೆ, ಕೈಯಿಂದ ಎಳೆದರೆ ಕೈಗೂ ಅಂಟುತ್ತೆ. ಕಬ್ಬಿಣದ ಬಾಚಣಿಗೆಯನ್ನು ಚರ್ಮಕ್ಕೂ ಕಳ್ಳಿಯ ತುಂಡಿಗೂ ನಡುವೆ ತೂರಿಸಿ, ಜನ ಇಲ್ಲದ ಕಡೆಗೆ ಚಿಮ್ಮಿ. ಉಳಿದ ಮುಳ್ಳನ್ನು ಇಕ್ಕಳದಲ್ಲಿ ಒಂದೊಂದಾಗಿ, ನೇರವಾಗಿ ಕೀಳಿ. ಬಿಳಿ ಅಂಟು ಪಾಪಾಸುಕಳ್ಳಿಯ ಕೂದಲಿನಂಥ ಮುಳ್ಳಿಗೆ ಸರಿ: ಮೊದಲು ಚಿಮುಟದಲ್ಲಿ ಆದಷ್ಟು ತೆಗೆದು, ಅಂಟು ಹಚ್ಚಿ, ಮೇಲೆ ತೆಳು ಬಟ್ಟೆ ಒತ್ತಿ, ಪೂರ್ತಿ ಒಣಗಿದ ಮೇಲೆ ಎಳೆಯಿರಿ.

ಮಲೆನಾಡಿನ ಮಳೆ: ಮೂರನೇ ಸಲ ಕೇಳ್ತಿದ್ದೇನೆ. ರ‍್ಯಾಕ್?

ಸ್ಕಾಟ್ಸ್‌ಡೇಲ್ 29: 90 ಕೆಜಿಗೆ ಎಷ್ಟು ಪಿಎಸ್‌ಐ?

ಮೆಕ್ಯಾನಿಕ್: 75ರಿಂದ 90ಕ್ಕೆ 15. ಐದಕ್ಕೆ ಒಂದು. ಲೆಕ್ಕ ನೀವೇ ಹಾಕಿ. ಚಾಂಡ್ಲರ್‌ನವರೇ, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಮುಂದಿನ ಬ್ರೇಕು ಏನಾಗಿದೆ?

ಚಾಂಡ್ಲರ್ ಚೈನು: ಹಾಕಿದ ನೆನಪಿಲ್ಲ ಸರ್. ಮುಂದಿನದು ಗಟ್ಟಿಯಾಗೇ ಹಿಡಿಯುತ್ತೆ.

ಮೆಕ್ಯಾನಿಕ್: ನೆನಪು ನಂಬಬೇಡಿ. ಮುಂದಿನ ಲಿವರಿನ ಬ್ಲೀಡ್ ಸ್ಕ್ರೂ ತೆಗೆದು, ಸಿರಿಂಜಿನಲ್ಲಿ ಐದಾರು ಹನಿ ಎಳೆದು, ಗಾಜಿನ ಲೋಟದ ನೀರಿಗೆ ಬಿಡಿ. ಮಿನರಲ್ ಆಯಿಲ್ ಆದರೆ ಮೇಲೆ ತೇಲುತ್ತೆ. ಡಾಟ್ ನೀರಿನಲ್ಲಿ ಕರಗಿಹೋಗುತ್ತೆ. ಆ ಲೋಟ ಮತ್ತೆ ಅಡುಗೆಮನೆಗೆ ಬೇಡ.

ಚಾಂಡ್ಲರ್ ಚೈನು: ಮಾಡಿದೆ. ಸ್ವಲ್ಪ ತೇಲಿತು, ಸ್ವಲ್ಪ ಕರಗಿ ನೀರು ಮಬ್ಬಾಯ್ತು.

ಮೆಕ್ಯಾನಿಕ್: ಹಾಗಾದರೆ ಅದರಲ್ಲೂ ಬೆರೆತಿದೆ. ಮುಂದೆಯೂ ಲಿವರ್, ಕ್ಯಾಲಿಪರ್, ಹೋಸ್ ಎಲ್ಲ ಹೊಸದು. ಎರಡೂ ಚಕ್ರ ಬಿಚ್ಚಿಟ್ಟುಬಿಡಿ, ಮನೆಯಲ್ಲಿ ಬೇರೆ ಯಾರೂ ಗೊತ್ತಿಲ್ಲದೆ ಸೈಕಲ್ ತೆಗೆದುಕೊಂಡು ಹೋಗಬಾರದು. ಹಳೆಯ ದ್ರವವನ್ನು ಸಿಂಕಿಗೆ ಸುರಿಯಬೇಡಿ, ಬಾಟಲಿಗೆ ತುಂಬಿ ಚೀಟಿ ಅಂಟಿಸಿ ಅಪಾಯಕಾರಿ ಕಸ ತೆಗೆದುಕೊಳ್ಳುವ ಜಾಗಕ್ಕೆ ಕೊಡಿ.