ಅರ್ಲಿ ಡಿಸಿಷನ್ ಹಾಕೋದಾ, ಬೇಡ್ವಾ? ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನಿಂದ ಒಬ್ಬ ತಂದೆ):
ನಮಸ್ಕಾರ ಮೇಡಂ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಸಿ. ಎಸ್ಸೆಸ್ಸೆಲ್ಸಿಯಲ್ಲೂ ಫಸ್ಟ್ ಪಿಯುಸಿಯಲ್ಲೂ ಒಳ್ಳೇ ಅಂಕ ಬಂದಿದೆ, ಅಮೆರಿಕದ ಕಾಲೇಜುಗಳಿಗೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ 1510. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ. ಅದರಲ್ಲೂ ಕಾರ್ನೆಲ್ ವಿಶ್ವವಿದ್ಯಾಲಯ ಅಂದರೆ ಪ್ರಾಣ. ಬೆಂಗಳೂರಿನ ಒಬ್ಬ ಏಜೆಂಟ್ "ಅರ್ಲಿ ಡಿಸಿಷನ್ ಹಾಕಿ ಸರ್, ಚಾನ್ಸ್ ಮೂರು ಪಟ್ಟು ಜಾಸ್ತಿ" ಅನ್ನುತ್ತಾರೆ. ನಮ್ಮ ಮನೆಯವರಿಗೆ ಹೆದರಿಕೆ, ಒಂದು ಸಲ ಹಾಕಿದರೆ ಬಿಡಿಸಿಕೊಳ್ಳೋಕೆ ಆಗಲ್ಲವಂತೆ ಅಂತ. ನಮ್ಮ ಕೈಲಿ ವರ್ಷಕ್ಕೆ 30 ಲಕ್ಷ ಆಗಬಹುದು. ಸೈಟ್ ಮಾರಿದರೆ ಇನ್ನೊಂದಿಷ್ಟು. ಹಾಕಬಹುದಾ?

ಉತ್ತರ:
ನಮಸ್ಕಾರ ಸರ್. ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದ ದುಡ್ಡಿನ ಲೆಕ್ಕ ನೋಡಿದರೆ ಕಾರ್ನೆಲ್‌ಗೆ ಅರ್ಲಿ ಡಿಸಿಷನ್ ಬೇಡ. ಮಗಳ ಅಂಕದ ಬಗ್ಗೆ ನನಗೇನೂ ತಕರಾರಿಲ್ಲ.

ಗುಂಪಿನಲ್ಲಿ ಹೊಸಬರು ಇದ್ದಾರೆ, ಅವರಿಗಾಗಿ ಎರಡು ಮಾತು. ಮಾಮೂಲಿ ಅರ್ಜಿಗೆ ಜನವರಿ ಮೊದಲ ವಾರದವರೆಗೆ ಸಮಯ ಇರುತ್ತದೆ, ಉತ್ತರ ಮಾರ್ಚ್ ಕೊನೆಗೆ. ಅರ್ಲಿ ಡಿಸಿಷನ್ ಆದರೆ ನವೆಂಬರ್ 1ಕ್ಕೆ (ಕೆಲವು ಕಡೆ 15ಕ್ಕೆ) ಹಾಕಬೇಕು, ಡಿಸೆಂಬರ್ ಮಧ್ಯಕ್ಕೆ ಉತ್ತರ ಬರುತ್ತದೆ. ಒಂದೇ ಒಂದು ಕಡೆ ಹಾಕಬಹುದು. ಸೀಟು ಕೊಟ್ಟರೆ ಸೇರಲೇಬೇಕು, ಬೇರೆ ಕಡೆ ಹಾಕಿದ್ದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ಇದಕ್ಕೆ ವಿದ್ಯಾರ್ಥಿ, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ.

ಈಗ ದುಡ್ಡು. ಕಾರ್ನೆಲ್‌ನಂಥ ಖಾಸಗಿ ವಿಶ್ವವಿದ್ಯಾಲಯದಲ್ಲಿ ಫೀಸು, ಹಾಸ್ಟೆಲ್, ಊಟ, ಇನ್ಶೂರೆನ್ಸ್ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು ಆಗುತ್ತದೆ. ನಮ್ಮ ದುಡ್ಡಲ್ಲಿ 75 ಲಕ್ಷ ದಾಟುತ್ತದೆ, ನಾಲ್ಕು ವರ್ಷಕ್ಕೆ ಮೂರು ಕೋಟಿಯ ಮೇಲೆ. ನಿಮ್ಮ 30 ಲಕ್ಷ ಕಳೆದು ಉಳಿದದ್ದನ್ನು ಯಾರೋ ಕೊಡಬೇಕು. ಕಾರ್ನೆಲ್ ಸೇರಿರುವ ಐವಿ ಲೀಗ್ ಅನ್ನುವ ಗುಂಪಿನ ಎಂಟು ವಿಶ್ವವಿದ್ಯಾಲಯಗಳಲ್ಲೂ ಮೆರಿಟ್ ಸ್ಕಾಲರ್‌ಶಿಪ್ ಅನ್ನೋದು ಇಲ್ಲ. ಮನೆಯ ಆದಾಯ, ಆಸ್ತಿ ನೋಡಿ ಕೊಡುವ ಸಹಾಯಧನ ಮಾತ್ರ. ಕಾರ್ನೆಲ್ ಹೊರದೇಶದ ಮಕ್ಕಳ ಅರ್ಜಿ ನೋಡುವಾಗ, ಈ ಮಗು ಸಹಾಯಧನ ಕೇಳಿದೆಯಾ ಅನ್ನುವುದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಅಂದರೆ ಕೇಳಿದರೆ ಸೀಟು ಕಷ್ಟ, ಕೇಳದಿದ್ದರೆ ಫೀಸು ಕಷ್ಟ.

ಏಜೆಂಟ್ ಹೇಳುವ "ಮೂರು ಪಟ್ಟು" ಪೂರ್ತಿ ಸುಳ್ಳಲ್ಲ. ಬ್ರೌನ್ ವಿಶ್ವವಿದ್ಯಾಲಯದ ಉದಾಹರಣೆ ನೋಡಿ. 2024ರ ಡಿಸೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಹಾಕಿದ್ದ 5,048 ಜನರಲ್ಲಿ 906 ಜನರಿಗೆ ಸೀಟು ಕೊಟ್ಟರು. ನೂರಕ್ಕೆ 18. ಮುಂದೆ ಮಾರ್ಚ್‌ನಲ್ಲಿ ಮಾಮೂಲಿ ಸುತ್ತಿನವರಿಗೆ ಸಿಕ್ಕಿದ್ದು ನೂರಕ್ಕೆ 4ರಷ್ಟು. ಆದರೆ ಆ ಮೊದಲ ಸುತ್ತಿನಲ್ಲಿ ಯಾರ್‍ಯಾರು ಇರುತ್ತಾರೆ ಅನ್ನುವುದನ್ನು ಏಜೆಂಟ್ ಹೇಳುವುದಿಲ್ಲ. ರೋಯಿಂಗ್, ಫೆನ್ಸಿಂಗ್, ಫುಟ್‌ಬಾಲ್ ಕೋಚ್‌ಗಳು ಮೊದಲೇ ಆರಿಸಿಕೊಂಡ ಆಟಗಾರರು ಈ ಸುತ್ತಿನಲ್ಲೇ ಬರುತ್ತಾರೆ. ಅಲ್ಲೇ ಓದಿದವರ ಮಕ್ಕಳೂ ಹೆಚ್ಚಾಗಿ ಇದೇ ಸುತ್ತಿನವರು. ಫೀಸಿನ ಚಿಂತೆಯೇ ಇಲ್ಲದವರು ಬೇಕಾದಷ್ಟು. ಇವರನ್ನೆಲ್ಲ ಕಳೆದ ಮೇಲೆ ಮೈಸೂರಿನ ಹುಡುಗಿಗೆ ಉಳಿಯುವ ಲಾಭ ಇದ್ದೇ ಇರುತ್ತದೆ, ಆದರೆ ಮೂರು ಪಟ್ಟು ಖಂಡಿತ ಅಲ್ಲ.

ನಿಮಗೆ ಬೇರೆ ದಾರಿ ಇದೆ. ಆಮ್‌ಹರ್ಸ್ಟ್, ಬೋಡನ್, ಡಾರ್ಟ್‌ಮತ್, ಬ್ರೌನ್ ಈ ನಾಲ್ಕೂ ಕಡೆ ಅರ್ಲಿ ಡಿಸಿಷನ್ ಇದೆ. ಹೊರದೇಶದವರು ಸಹಾಯಧನ ಕೇಳಿದ್ದಾರೆ ಅನ್ನುವ ಕಾರಣಕ್ಕೆ ಇವರು ಸೀಟು ತಪ್ಪಿಸುವುದಿಲ್ಲ. ತೆಗೆದುಕೊಂಡವರಿಗೆ ಅವರ ಲೆಕ್ಕದ ಪ್ರಕಾರ ಎಷ್ಟು ಕಮ್ಮಿ ಬೀಳುತ್ತದೋ ಅಷ್ಟನ್ನು ಕೊಡುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಕೂಡ ಹಾಗೆಯೇ. ಅಲ್ಲಿಯೂ ನವೆಂಬರ್ ಸುತ್ತು ಇದೆ, ಆದರೆ ಸೇರಲೇಬೇಕು ಅನ್ನುವ ಕಟ್ಟು ಇಲ್ಲ. ಅದನ್ನು ಅರ್ಲಿ ಆಕ್ಷನ್ ಅನ್ನುತ್ತಾರೆ.

ಅದೇ ತಂದೆ:
ಮೇಡಂ, ಸಹಾಯಧನ ಬೇಡ ಅಂತ ಹಾಕಿ, ಸೀಟು ಸಿಕ್ಕಿದ ಮೇಲೆ ಕೇಳಿದರೆ? ಏಜೆಂಟ್ ಹೀಗೂ ಒಂದು ಐಡಿಯಾ ಕೊಟ್ಟರು.

ಉತ್ತರ:
ದಯವಿಟ್ಟು ಬೇಡ ಸರ್. ಅರ್ಜಿ ಹಾಕುವಾಗ ಕೇಳದ ಹೊರದೇಶದ ವಿದ್ಯಾರ್ಥಿಗೆ ಆಮೇಲೆ ನಾಲ್ಕೂ ವರ್ಷ ಕೊಡುವುದಿಲ್ಲ ಅನ್ನುವ ನಿಯಮ ಹಲವು ಕಡೆ ಇದೆ. ಈ ಐಡಿಯಾ ಕೊಟ್ಟವರ ಹತ್ತಿರ ಇನ್ನೊಂದು ಸಲಹೆ ಕೇಳಬೇಡಿ.

ನಿಮ್ಮ ಸೈಟಿನ ವಿಷಯ. ಸಹಾಯಧನಕ್ಕೆ ಹೆಚ್ಚಿನ ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರಂ ಕೇಳುತ್ತವೆ. ಅದರಲ್ಲಿ ಸಂಬಳ, ವ್ಯಾಪಾರ, ಬ್ಯಾಂಕಿನ ದುಡ್ಡು, ಮನೆ, ಸೈಟು ಎಲ್ಲ ಬರೆಯಬೇಕು. ಸೈಟು ಇದ್ದರೆ ಅದೂ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. "ಇವರ ಕೈಲಿ ಇಷ್ಟು ಆಗುತ್ತದೆ" ಅಂತ ಅವರು ಹಾಕುವ ಲೆಕ್ಕಕ್ಕೂ ನೀವು ಮನೆಯಲ್ಲಿ ಕೂತು ಹಾಕಿದ ಲೆಕ್ಕಕ್ಕೂ ತಾಳೆ ಆಗಬೇಕು ಅಂತ ಇಲ್ಲ. ಮಾರ್ಚ್ ಸುತ್ತಿನಲ್ಲಾದರೆ ನಾಲ್ಕು ಕಡೆಯ ಪತ್ರ ಎದುರಿಗಿಟ್ಟುಕೊಂಡು ಹೋಲಿಸಬಹುದು. ಅರ್ಲಿ ಡಿಸಿಷನ್‌ನಲ್ಲಿ ಒಂದೇ ಪತ್ರ, ಹೋಲಿಸೋಕೆ ಏನೂ ಇರುವುದಿಲ್ಲ. ಇದೇ ನಿಜವಾದ ಬೆಲೆ.

ಪ್ರಶ್ನೆ (ಹುಬ್ಬಳ್ಳಿಯ ವಿದ್ಯಾರ್ಥಿ):
ಮೇಡಂ, ನಮ್ಮ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಅಂತ ಯಾರೂ ಇಲ್ಲ. ಆ ಮೂರನೇ ಸಹಿ ಯಾರು ಹಾಕಬೇಕು?

ಉತ್ತರ:
ಪ್ರಿನ್ಸಿಪಾಲರು ಹಾಕಬಹುದಪ್ಪ. ಅವರು ಒಪ್ಪಿದರೆ ನಿನ್ನನ್ನು ಚೆನ್ನಾಗಿ ಬಲ್ಲ ಉಪನ್ಯಾಸಕರೂ ಕೌನ್ಸೆಲರ್ ಜಾಗದಲ್ಲಿ ನಿಲ್ಲಬಹುದು. ಆದರೆ ನಮ್ಮ ಪಿಯು ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಸಹಿಯಲ್ಲಿ ಕಮ್ಮಿ, ಮಾರ್ಕ್ಸ್ ಕಾರ್ಡಿನಲ್ಲಿ ಜಾಸ್ತಿ. ಅಮೆರಿಕದವರು 9ನೇ ತರಗತಿಯಿಂದ 12ರವರೆಗೆ ನಾಲ್ಕೂ ವರ್ಷದ ಅಂಕ ಕೇಳುತ್ತಾರೆ. ಪಿಯು ಕಾಲೇಜಿನ ಹತ್ತಿರ ಎರಡೇ ವರ್ಷದ್ದು ಇರುತ್ತದೆ. 9ನೇ ತರಗತಿಯದಕ್ಕೆ ಹಳೇ ಹೈಸ್ಕೂಲಿಗೆ ಹೋಗಬೇಕು. ಅಲ್ಲಿನ ಗುಮಾಸ್ತರಿಗೆ ಇದು ಯಾಕೆ ಬೇಕು ಅಂತ ಅರ್ಥ ಮಾಡಿಸೋದಕ್ಕೇ ಒಂದು ವಾರ ಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷ್ ಪ್ರತಿಗೆ ಸೀಲು ಹಾಕಿಸಬೇಕು.

ಸೆಕೆಂಡ್ ಪಿಯುಸಿ ಪರೀಕ್ಷೆ ಇನ್ನೂ ಆಗಿರುವುದಿಲ್ಲವಲ್ಲ, ಅದಕ್ಕೆ "ಇವನಿಗೆ ಇಷ್ಟು ಬರಬಹುದು" ಅಂತ ಕಾಲೇಜು ಅಂದಾಜು ಅಂಕ ಕೊಡಬೇಕು. ಈ ಅಭ್ಯಾಸ ಇಲ್ಲದ ಪ್ರಿನ್ಸಿಪಾಲರು ಹಿಂದೇಟು ಹಾಕುತ್ತಾರೆ. ಫಸ್ಟ್ ಪಿಯುಸಿ ಮತ್ತು ಈ ವರ್ಷದ ಟೆಸ್ಟ್ ಅಂಕ ಹಿಡಿದುಕೊಂಡು ಹೋಗು, ಆಗ ಮಾತು ಸುಲಭ.

ದಿನಾಂಕದ ಬಗ್ಗೆ ಎಚ್ಚರ. ನವೆಂಬರ್ 1 ನಮಗೆ ರಾಜ್ಯೋತ್ಸವ, ಕಾಲೇಜು ಆಫೀಸಿಗೆ ಬೀಗ. ಅದರ ಹಿಂದೆಮುಂದೆ ದೀಪಾವಳಿ, ಅದಕ್ಕೂ ಮೊದಲು ದಸರಾ ರಜೆ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್) ನಮ್ಮ ಗಡಿಯಾರದ ಪ್ರಕಾರ ರಾತ್ರಿ 11:59ರವರೆಗೆ ಸಮಯ ಇರುತ್ತದೆ ನಿಜ, ಆದರೆ ಆ ಹೊತ್ತಿಗೆ ಪ್ರಿನ್ಸಿಪಾಲರು ಭುವನೇಶ್ವರಿ ಮೆರವಣಿಗೆ ಮುಗಿಸಿ ಮಲಗಿರುತ್ತಾರೆ. ಕಾಲೇಜಿನ ಕಾಗದ ಎಲ್ಲ ದಸರಾ ರಜೆಗೆ ಮುಂಚೆ ಮುಗಿಸಿಕೋ.

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ತಾಯಿ):
ನಾವು ಇಲ್ಲಿ 18 ವರ್ಷದಿಂದ ಇದ್ದೇವೆ. ಮಗ ಇಲ್ಲೇ ಹುಟ್ಟಿದವನು. ಪೆನ್‌ಗೆ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ) ಅರ್ಲಿ ಡಿಸಿಷನ್ ಹಾಕುತ್ತೇನೆ ಅನ್ನುತ್ತಾನೆ. ಇಬ್ಬರಿಗೂ ಕೆಲಸ ಇದೆ, ಸಂಬಳ ಚೆನ್ನಾಗಿದೆ, ಉಳಿತಾಯ ಅಷ್ಟಕ್ಕಷ್ಟೇ. ಪೆನ್ ಸಿಕ್ಕಿ, ಆಮೇಲೆ ರಟ್ಗರ್ಸ್ ವಿಶ್ವವಿದ್ಯಾಲಯದವರು ಒಳ್ಳೇ ಸ್ಕಾಲರ್‌ಶಿಪ್ ಕೊಟ್ಟರೆ ಪೆನ್ ಬಿಡಬಹುದಾ? ಕೋರ್ಟಿಗೇನೂ ಎಳೆಯೋದಿಲ್ಲ ಅಲ್ವಾ?

ಉತ್ತರ:
ಕೋರ್ಟಿಗೆ ಎಳೆಯುವುದಿಲ್ಲ ಮೇಡಂ. ಆದರೆ ಬಿಡೋಕೆ ಎಲ್ಲರೂ ಒಪ್ಪುವ ಕಾರಣ ಸಾಮಾನ್ಯವಾಗಿ ಒಂದೇ: ಅವರು ಕೊಟ್ಟ ಸಹಾಯಧನ ಸಾಲದು, ನಮ್ಮ ಕೈಲಿ ಆಗದು ಅನ್ನುವುದು. "ರಟ್ಗರ್ಸ್ ಅಗ್ಗ" ಅನ್ನುವುದು ಆ ಕಾರಣ ಅಲ್ಲ. ಸಾಲದು ಅಂತಾದರೂ ಮೊದಲು ಅವರ ಆಫೀಸಿನ ಜೊತೆ ಮಾತಾಡಿ, ಲೆಕ್ಕ ಮತ್ತೆ ನೋಡಿ ಅಂತ ಕೇಳಬೇಕು. ಸುಮ್ನೆ ಕೈಕೊಟ್ಟರೆ ನಿಮ್ಮ ಹೈಸ್ಕೂಲಿನ ಕೌನ್ಸೆಲರ್ ಬೇರೆ ಕಡೆಗೆ ಕಾಗದ ಕಳಿಸದೇ ಇರಬಹುದು. ಅದೇ ಶಾಲೆಯಿಂದ ಮುಂದಿನ ವರ್ಷ ಹಾಕುವ ಮಕ್ಕಳಿಗೂ ಏಟು ಬೀಳಬಹುದು.

ರಟ್ಗರ್ಸ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಲಿ ಆಕ್ಷನ್ ಹಾಕಿಡಿ. ಆದರೆ ಡಿಸೆಂಬರ್‌ನಲ್ಲಿ ಪೆನ್ ಹೌದು ಅಂದ ದಿನವೇ ರಟ್ಗರ್ಸ್ ಅರ್ಜಿ ವಾಪಸ್ ತೆಗೆಯಬೇಕು, ಅವರ ಸ್ಕಾಲರ್‌ಶಿಪ್ ಪತ್ರ ಬಂದಿರಲಿ ಬಿಡಲಿ. ಆ ಪತ್ರ ನೋಡಲೇಬೇಕು ಅನ್ನುವವರು ಪೆನ್‌ಗೆ ಮಾಮೂಲಿ ಸುತ್ತಿನಲ್ಲಿ ಹಾಕಲಿ.

ನಿಮಗೆ ಒಂದು ಅನುಕೂಲ ಇದೆ. 2011ರಿಂದ ಅಮೆರಿಕದ ಕಾಲೇಜುಗಳೆಲ್ಲ ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ಸಹಾಯಧನ ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಅಂತ ಅಂದಾಜು ಹೇಳುವ ಪುಟ) ಇಡಬೇಕು ಅಂತ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನೇ ಇದೆ. ಇವತ್ತು ರಾತ್ರಿ ಇಬ್ಬರೂ ಟ್ಯಾಕ್ಸ್ ಕಾಗದ ಇಟ್ಟುಕೊಂಡು ಪೆನ್‌ನ ಕ್ಯಾಲ್ಕ್ಯುಲೇಟರ್‌ನಲ್ಲಿ ಅಂಕಿ ತುಂಬಿ. ಸಂಬಳ ಚೆನ್ನಾಗಿರುವ ಮನೆಗಳಿಗೆ ಅಲ್ಲಿ ಬರುವ ಉತ್ತರ ಅಷ್ಟು ಖುಷಿ ಕೊಡುವುದಿಲ್ಲ. ಉಳಿತಾಯ ಕಮ್ಮಿ ಅನ್ನೋದನ್ನು ಅವರು ಕೇಳುವುದೇ ಇಲ್ಲ ಅಂತಲ್ಲ, ಆದರೆ ಲೆಕ್ಕ ಮುಖ್ಯವಾಗಿ ಸಂಬಳದ ಮೇಲೆ ನಿಲ್ಲುತ್ತದೆ. (ಎಚ್-4, ಅಂದರೆ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿರುವ ಮಕ್ಕಳ ಅಪ್ಪ ಅಮ್ಮಂದಿರು ಗಮನಿಸಿ: ಮಗು ಅಲ್ಲೇ ಬೆಳೆದಿದ್ದರೂ ಫೆಡರಲ್ ಸಹಾಯಧನ ಸಿಗುವುದಿಲ್ಲ.)

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಇದು ದುಡ್ಡಿದ್ದವರ ಆಟ ಅಂತ ಕಾಣುತ್ತೆ. ಯಾರೂ ಕೇಳೋರೇ ಇಲ್ವಾ?

ಉತ್ತರ:
ಕೇಳಿದ್ದಾರೆ. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ "ಇದರಿಂದ ಬಡ ಮಕ್ಕಳಿಗೆ ಅನ್ಯಾಯ" ಅಂತ ನವೆಂಬರ್ ಸುತ್ತನ್ನೇ ಕೈಬಿಡುವುದಾಗಿ ಹೇಳಿದವು. ಉಳಿದವರಲ್ಲಿ ಹೆಚ್ಚಿನವರು ಹಿಂದೆ ಬರಲಿಲ್ಲ. 2011ರಲ್ಲಿ ಇಬ್ಬರೂ ವಾಪಸ್ ಶುರು ಮಾಡಿದರು, ಕಟ್ಟು ಇಲ್ಲದ ರೀತಿಯಲ್ಲಿ. 2025ರ ಆಗಸ್ಟ್‌ನಲ್ಲಿ ಮಸಾಚುಸೆಟ್ಸ್‌ನ ಫೆಡರಲ್ ಕೋರ್ಟಿನಲ್ಲಿ 32 ಕಾಲೇಜುಗಳ ಮೇಲೆ ಕೇಸು ಬಿತ್ತು, ಅರ್ಲಿ ಡಿಸಿಷನ್‌ನಿಂದ ಪೈಪೋಟಿ ಕಮ್ಮಿಯಾಗಿ ಓದಿನ ಬೆಲೆ ಏರಿದೆ ಅಂತ. ಕ್ಯಾಲಿಫೋರ್ನಿಯಾದ ಬರ್ಕ್ಲಿ, ಯುಸಿಎಲ್‌ಎ ಸೇರಿದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಗುಂಪಿನಲ್ಲಿ ಇದ್ಯಾವುದೂ ಇಲ್ಲ, ಎಲ್ಲರಿಗೂ ಒಂದೇ ಸುತ್ತು. ಕಾಲೇಜುಗಳಿಗೆ ಇದರಿಂದ ಲಾಭ ಸ್ಪಷ್ಟ: ಡಿಸೆಂಬರ್‌ಗೇ ಅರ್ಧ ಕ್ಲಾಸ್ ತುಂಬಿಸಿಕೊಂಡು ನಿಶ್ಚಿಂತೆಯಾಗಿರಬಹುದು. ನನ್ನ ಮಟ್ಟಿಗೆ ಇದು ಕಾಲೇಜಿಗಾಗಿ ಮಾಡಿದ ಏರ್ಪಾಡು, ಕೆಲವು ಮಕ್ಕಳಿಗೆ ಅನುಕೂಲ ಆಗಿಬಿಡುತ್ತದೆ, ಅಷ್ಟೇ.

ಮೈಸೂರಿನ ತಂದೆ:
ಮಗಳಿಗೆ ಓದಿ ಹೇಳಿದೆ ಮೇಡಂ. ಸ್ವಲ್ಪ ಅತ್ತಳು. ಈಗ ಬೋಡನ್‌ಗೆ ಅರ್ಲಿ ಡಿಸಿಷನ್ ಹಾಕೋಣ ಅನ್ನುತ್ತಿದ್ದಾಳೆ, ನೀವು ಹೆಸರು ಹೇಳಿದ್ದಕ್ಕೆ. ಡಿಸೆಂಬರ್‌ನಲ್ಲಿ ಆಗಲಿಲ್ಲ ಅಂದರೆ?

ಉತ್ತರ:
ನಾನು ಹೆಸರು ಹೇಳಿದ್ದಕ್ಕೆ ಹಾಕುವುದಾದರೆ ಬೇಡ ಅನ್ನಿ. ಬೋಡನ್ ಇರುವುದು ಮೇನ್ ರಾಜ್ಯದ ಬ್ರನ್ಸ್‌ವಿಕ್ ಅನ್ನುವ ಸಣ್ಣ ಊರಿನಲ್ಲಿ. ಚಳಿಗಾಲ ಉದ್ದ, ಹಿಮ ಜಾಸ್ತಿ. ಇಡೀ ಕಾಲೇಜಿನಲ್ಲಿ ಎರಡು ಸಾವಿರ ಮಕ್ಕಳೂ ಇಲ್ಲ. ಅಲ್ಲಿ ಎಂಜಿನಿಯರಿಂಗ್ ಕಾಲೇಜು ಇಲ್ಲ, ಕಂಪ್ಯೂಟರ್ ಸೈನ್ಸ್ ಜೊತೆ ಸಾಹಿತ್ಯ, ಇತಿಹಾಸ ಎಲ್ಲ ಓದಬೇಕಾಗುತ್ತದೆ. ಕೆಲವರಿಗೆ ಇದೇ ಇಷ್ಟ, ಕೆಲವರಿಗೆ ಉಸಿರು ಕಟ್ಟುತ್ತದೆ. ಅಲ್ಲಿನ ಪಾಠಗಳ ಪಟ್ಟಿ ಅವಳೇ ಓದಲಿ, ಆನ್‌ಲೈನ್ ಮಾಹಿತಿ ಸಭೆಗೆ ಅವಳೇ ಕೂರಲಿ. ಅಕ್ಟೋಬರ್ ಮೊದಲ ವಾರದ ಹೊತ್ತಿಗೂ ಬೇಕು ಅಂದರೆ ಹಾಕಿ.

ಡಿಸೆಂಬರ್‌ನಲ್ಲಿ ಮೂರರಲ್ಲಿ ಒಂದು ಆಗುತ್ತದೆ. ಸಿಕ್ಕರೆ ಮುಗಿಯಿತು. ಇಲ್ಲ ಅಂದರೆ ಆ ವರ್ಷ ಅಲ್ಲಿ ಮತ್ತೆ ಹಾಕುವಂತಿಲ್ಲ. "ಮಾರ್ಚ್‌ನಲ್ಲಿ ಮತ್ತೆ ನೋಡುತ್ತೇವೆ" ಅಂತ ಮುಂದೂಡಿದರೆ ಆಮೇಲೆ ಸಿಕ್ಕರೂ ಸೇರಲೇಬೇಕು ಅನ್ನುವ ಕಟ್ಟು ಇರುವುದಿಲ್ಲ. ಜನವರಿಯಲ್ಲಿ ಎರಡನೇ ಅರ್ಲಿ ಡಿಸಿಷನ್ ಸುತ್ತು ಇರುವ ಕಾಲೇಜುಗಳೂ ಇವೆ, ನಿಯಮ ಅದೇ. ಆ ಉತ್ತರಕ್ಕೆ ಕಾಯದೆ ಉಳಿದ ಕಾಲೇಜುಗಳ ಪ್ರಬಂಧ ನವೆಂಬರ್‌ನಲ್ಲೇ ಬರೆದಿಡಲು ಹೇಳಿ. ಕಾರ್ನೆಲ್‌ದೂ ಅದರಲ್ಲಿ ಇರಲಿ, ಸಹಾಯಧನ ಕೇಳಿಯೇ ಮಾಮೂಲಿ ಸುತ್ತಿನಲ್ಲಿ ಹಾಕಲಿ.