ಹುಳದ ಮುಲಾಮು: ಮಂಡ್ಯದ ನಮ್ಮ ಮನೆ ಗುಂಪಿನಲ್ಲಿ ಭಾನುವಾರದ ಜಗಳ

ಶಿವಣ್ಣ ಮಾವ: (ಫಾರ್ವರ್ಡ್) ಹುಳದ ಪ್ರೋಟೀನ್‌ನಿಂದ ಗಾಯ ಮಾಯ! ಕಲೆಯೂ ಉಳಿಯಲ್ಲ! ಅಮೆರಿಕ ವಿಜ್ಞಾನಿಗಳ ಸಾಧನೆ. ಶುಗರ್ ಇರುವವರಿಗೆಲ್ಲ ಕಳಿಸಿ. ಮುಲಾಮು ಬೇಕಾದವರು ಕೆಳಗಿನ ನಂಬರ್‌ಗೆ ಫೋನ್ ಮಾಡಿ.

ಶಿವಣ್ಣ ಮಾವ: ಭಾವ, ನಿಮ್ಮ ಕಾಲಿನ ಗಾಯಕ್ಕೆ ಇದೇ ಸರಿ. ತರಿಸಿಬಿಡ್ಲಾ?

ಜಯತ್ತೆ: ಥೂ! ಹುಳ ಬೀಳಬಾರದು ಅಂತ ತಾನೇ ಅಣ್ಣನಿಗೆ ಡ್ರೆಸಿಂಗ್ ಮಾಡಿಸುತ್ತಿರೋದು?

ಮಂಜು: ಬರೀ ಬುರುಡೆ. ಮೊನ್ನೆ ಬೆಂಡೆಕಾಯಿ ನೀರು, ಇವತ್ತು ಹುಳ.

ರಶ್ಮಿ: ಮಂಜಣ್ಣ, ಪೂರ್ತಿ ಬುರುಡೆ ಅಲ್ಲ. ಇಲಿಯ ಕರುಳಿನಲ್ಲಿ ಇರುವ ಒಂದು ದುಂಡುಹುಳ ಟಿಜಿಎಂ ಅನ್ನೋ ಪ್ರೋಟೀನ್ ಬಿಡುತ್ತದೆ. ಟಿಜಿಎಫ್-ಬೀಟಾ ಅಂತ ನಮ್ಮ ಮೈಯಲ್ಲೇ ಒಂದು ಪ್ರೋಟೀನ್ ಇದೆ. ರೋಗನಿರೋಧಕ ಕಣಗಳು ಅತಿಯಾಗಿ ಕೆರಳದ ಹಾಗೆ ಅದು ತಡೆಯುತ್ತದೆ. ಹುಳದ ಪ್ರೋಟೀನ್ ರಚನೆಯಲ್ಲಿ ಅದರ ಹಾಗಿಲ್ಲ, ಆದರೂ ಜೀವಕೋಶದ ಮೇಲೆ ಅದು ಕೂರುವ ಜಾಗಕ್ಕೇ, ಅಂದರೆ ಅದೇ ರಿಸೆಪ್ಟರ್‌ಗೆ, ಹೋಗಿ ಕೂರುತ್ತದೆ. ತನ್ನನ್ನು ಹೊರಗೆ ಹಾಕದಿರಲಿ ಅಂತ ಹುಳದ ಕಿತಾಪತಿ! 2017ರಲ್ಲಿ ಇದು ಗೊತ್ತಾಯಿತು. ಆಮೇಲೆ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ಇಲಿಗಳ ಗಾಯಕ್ಕೆ ಹಚ್ಚಿ ನೋಡಿದರು. ಗಾಯ ಬೇಗ ಮುಚ್ಚಿತು, ಕಲೆ ಕಡಿಮೆ ಆಯಿತು, ಕೂದಲಿನ ಬುಡವೂ ಹೊಸದಾಗಿ ಬಂತು. ಅತ್ತೆ, ಗಾಯಕ್ಕೆ ಹುಳ ಬಿಡೋದಿಲ್ಲ. ಪ್ರೋಟೀನನ್ನು ಲ್ಯಾಬ್‌ನಲ್ಲೇ ಮಾಡುತ್ತಾರೆ.

ಶಿವಣ್ಣ ಮಾವ: ಎಂ.ಎಸ್ಸಿ. ಓದಿದವಳೇ ಹೇಳಿದಳು! ಈಗ ಮಾತಾಡಪ್ಪ ಮಂಜು.

ರಶ್ಮಿ: ಮಾವ, ನಾನು ಹೇಳಿದ್ದು ಇಲಿ! ಅದರ ಚರ್ಮ ಸಡಿಲ. ಗಾಯದ ಅಂಚು ತಾನೇ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ನಮ್ಮದು ಹಾಗಲ್ಲ. ದೊಡ್ಡಪ್ಪನಿಗೆ ಶುಗರ್‌ನಿಂದ ಪಾದದ ಸ್ಪರ್ಶವೇ ಕಡಿಮೆ, ರಕ್ತ ಓಡಾಟವೂ ಕಡಿಮೆ. ಇನ್ನೊಂದು ವಿಷಯ. ಥಾಯ್ಲೆಂಡ್ ಕಡೆ ಹಸಿ ಮೀನು ತಿಂದವರಿಗೆ ಬರುವ ಲಿವರ್ ಹುಳದ ಪ್ರೋಟೀನ್ ಕೂಡ ಇಲಿಗಳ ಗಾಯ ಬೇಗ ವಾಸಿ ಮಾಡಿದೆ. ಅದೇ ಹುಳದಿಂದ ಪಿತ್ತನಾಳದ ಕ್ಯಾನ್ಸರ್ ಬರುತ್ತದೆ. ಜೀವಕೋಶ ಬೆಳೆಸುವ ಪ್ರೋಟೀನ್ ಅಂದರೆ ಸುಮ್ನೆ ಹಚ್ಚೋ ವಸ್ತುವಲ್ಲ.

ಮಂಜು: ಮನುಷ್ಯರಿಗೆ ಹಚ್ಚೋ ಮುಲಾಮು ಅಂಗಡಿಗೇ ಬಂದಿಲ್ಲ ಅಂದಮೇಲೆ, ಆ ನಂಬರ್‌ನವನು ಡಬ್ಬಿಯಲ್ಲಿ ಏನು ತುಂಬಿ ಮಾರುತ್ತಿದ್ದಾನೆ ಮಾವ?

ಶಿವಣ್ಣ ಮಾವ: ಒಳ್ಳೇದು ಹೇಳಿದರೂ ಅನುಮಾನ. ದುಡ್ಡು ನಾನು ಕೊಡ್ತೀನಿ, ನಿಂಗೇನು?

ರಶ್ಮಿ: ದುಡ್ಡು ಹೋದರೆ ಹೋಗಲಿ ಮಾವ. ಅದನ್ನು ನಂಬಿ ದೊಡ್ಡಪ್ಪ ಎರಡು ಸಲ ಡ್ರೆಸಿಂಗ್ ತಪ್ಪಿಸಿದರೆ ಬೆರಳಿಗೇ ಸಂಚಕಾರ.

ದೊಡ್ಡಪ್ಪ: ನನ್ನ ಕಾಲು, ನಿಮ್ಮ ಪಂಚಾಯಿತಿ. ನಾಲೆಗೆ ನೀರು ಬಿಟ್ಟಿದ್ದಾರೆ, ಬೆಳಗ್ಗೆ ನಾನು ಗದ್ದೆಗೆ ಹೋಗಬೇಕು.

ಜಯತ್ತೆ: ಆ ಕಾಲಲ್ಲಿ ಕೆಸರಿಗಾ? ಅಣ್ಣ!!

ದೊಡ್ಡಪ್ಪ: ಪ್ಲಾಸ್ಟಿಕ್ ಕವರ್ ಕಟ್ಕೋತೀನಿ ಕಣಮ್ಮ.

ರಶ್ಮಿ: ಬೇಡ ದೊಡ್ಡಪ್ಪ. ಒಳಗೆ ಬೆವರಿ ಬ್ಯಾಂಡೇಜ್ ನೆನೆಯುತ್ತದೆ.

ಮಂಜು: ಬೆಳಗ್ಗೆ ಗದ್ದೆಗೆ ನಾನು ಹೋಗಿ ನೀರು ಕಟ್ತೀನಿ. ನೀವು ಒಂಬತ್ತಕ್ಕೆ ರೆಡಿ ಇರಿ, ಡ್ರೆಸಿಂಗ್‌ಗೆ ಆಟೋ ಹೇಳಿದ್ದೀನಿ.

ಶಿವಣ್ಣ ಮಾವ: ಆ ನಂಬರ್‌ಗೆ ಫೋನ್ ಮಾಡಿದೆ. ಮೊದಲು ದುಡ್ಡು ಹಾಕಿ ಅಂದ. ಯಾವ ಕಂಪನಿ ಮುಲಾಮು ಅಂದೆ, ಕಟ್ ಮಾಡಿದ. ಆದರೂ ಮೆಸೇಜ್ ತೆಗೆಯಲ್ಲ. ಇಲಿ ವಿಷಯ ನಿಜ ಅಂತ ರಶ್ಮಿನೇ ಹೇಳಿದಳಲ್ವಾ?